ಹಿರಿಯರ ಕಣ್ಣಿನ ರೆಟಿನಾ ಸ್ಕ್ಯಾನ್: ಕರೆದುಕೊಂಡು ಹೋಗುವವರಿಗೊಂದು ಮಾರ್ಗದರ್ಶಿ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಅಜ್ಜನಿಗೋ ಅಜ್ಜಿಗೋ ಕಣ್ಣು ಮಂಜಾದರೆ ಮನೆಯವರ ಬಾಯಲ್ಲಿ ಬರುವುದು ಎರಡೇ ಮಾತು: ‘ವಯಸ್ಸಾತು’, ಇಲ್ಲವೇ ‘ಪೊರೆ ಬಂದೈತಿ’. ಎಷ್ಟೋ ಸಲ ಅದು ನಿಜವೇ. ಆದರೆ ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಹಿಂದೆ, ಕಣ್ಣುಗುಡ್ಡೆಯ ಒಳಗೋಡೆಗೆ ಹತ್ತಿಕೊಂಡಿರುವ ಪದರವೇ ರೆಟಿನಾ, ಅಂದರೆ ಅಕ್ಷಿಪಟಲ. ಅದು ಕೆಡುತ್ತಿದ್ದರೂ ನೋವಾಗುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಪೊರೆಯನ್ನು ಕೆಲವು ತಿಂಗಳು ತಡವಾಗಿ ತೆಗೆಸಿದರೂ ಸಾಮಾನ್ಯವಾಗಿ ನೋಟ ಮರಳುತ್ತದೆ. ರೆಟಿನಾದಲ್ಲಿ ಬೆಳಕು ಹಿಡಿಯುವ ಜೀವಕೋಶಗಳು ಸತ್ತರೆ ಮರಳುವುದಿಲ್ಲ. ಇಷ್ಟು ವ್ಯತ್ಯಾಸ ತಿಳಿದರೆ ಸಾಕು, ಯಾವುದಕ್ಕೆ ಅವಸರ ಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಸೂಜಿ, ಚಾಕು, ಎಕ್ಸ್‌ರೇ ಯಾವುದೂ ಇಲ್ಲದೆ ರೆಟಿನಾದ ಪದರಗಳನ್ನು ನೋಡುವ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಯಂತ್ರಗಳು ಈಗ ಜಿಲ್ಲಾ ಕೇಂದ್ರಗಳಿಗೆ ಬಂದಿವೆ. ಅಂಥ ಯಂತ್ರದ ಹಿಂದೆ ಕೂತು ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ಹಿರಿಯರನ್ನು ಕರೆತರುವ ಮಗ, ಸೊಸೆ, ಮೊಮ್ಮಕ್ಕಳಿಗೆ ಮೊದಲೇ ತಿಳಿದಿದ್ದರೆ ಎಷ್ಟು ಒಳ್ಳೆಯದಿತ್ತು ಅಂತ ನನಗೆ ದಿನಾ ಅನ್ನಿಸುವುದನ್ನೇ ಇಲ್ಲಿ ಬರೆದಿದ್ದೇನೆ.

ಮನೆಯಲ್ಲೇ ಒಂದೊಂದು ಕಣ್ಣು ಮುಚ್ಚಿಸಿ ನೋಡಿ

ಎರಡೂ ಕಣ್ಣು ತೆರೆದಿದ್ದಾಗ ಚೆನ್ನಾಗಿರುವ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಓದುವ ಕನ್ನಡಕ ಹಾಕಿಸಿ, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿಸಿ. ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ನಡುವಿನ ಒಂದು ತಾರೀಖನ್ನೇ ನೋಡುತ್ತಿರಲು ಹೇಳಿ. ಆಮೇಲೆ ಕೇಳಿ: ಸುತ್ತಲ ಗೆರೆಗಳು ನೆಟ್ಟಗಿವೆಯೇ, ಎಲ್ಲಾದರೂ ಸೊಟ್ಟಗಿವೆಯೇ, ಯಾವುದಾದರೂ ಮನೆ ಅಳಿಸಿಹೋದಂತೆ ಕಾಣುತ್ತಿದೆಯೇ? ನಂತರ ಇನ್ನೊಂದು ಕಣ್ಣು. ಇದಕ್ಕೆಂದೇ ಇರುವ ಚೌಕುಳಿ ಹಾಳೆಗೆ ಆಮ್ಸ್ಲರ್ ಗ್ರಿಡ್ ಎನ್ನುತ್ತಾರೆ. 10 ಸೆಂಟಿಮೀಟರ್ ಚೌಕದಲ್ಲಿ 5 ಮಿಲಿಮೀಟರ್‌ನ ಮನೆಗಳಿರುತ್ತವೆ. ಕಣ್ಣಿನ ಡಾಕ್ಟರ ಹತ್ತಿರ ಕೇಳಿದರೆ ಸಿಗುತ್ತದೆ.

ನೇರ ಗೆರೆ ಡೊಂಕಾಗಿ ಕಂಡರೆ ಮ್ಯಾಕ್ಯುಲಾಗೆ ಏನೋ ಆಗಿದೆ ಎಂದು ಅನುಮಾನಿಸಬೇಕು. ಮ್ಯಾಕ್ಯುಲಾ ಎಂದರೆ ರೆಟಿನಾದ ನಡುಭಾಗ, ಸುಮಾರು ಐದೂವರೆ ಮಿಲಿಮೀಟರ್ ಅಗಲ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರಿಂದಲೇ. ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಬದುಕು ಸವೆಸಿದವರು ಹಾಸಿನ ಎಳೆ ಬಾಗಿದಂತೆ ಕಾಣುತ್ತದೆ ಎಂದರೆ ತಪ್ಪನ್ನು ಮಗ್ಗದಲ್ಲಿ ಹುಡುಕಬೇಡಿ, ಮೊದಲು ಕಣ್ಣು ತೋರಿಸಿ. ಆದರೆ ಗೆರೆ ನೆಟ್ಟಗೆ ಕಂಡಿತು ಎಂದಮಾತ್ರಕ್ಕೆ ರೆಟಿನಾ ಚೆನ್ನಾಗಿದೆ ಎಂದಾಗುವುದಿಲ್ಲ. ಸಕ್ಕರೆ ಕಾಯಿಲೆಯ ಹಾನಿ ಬಹಳ ದೂರ ಸಾಗಿದ ಮೇಲೂ ನೋಟ ಸರಿಯಾಗಿಯೇ ಇರಬಹುದು.

ಅದೇ ದಿನ ಹೊರಡಬೇಕಾದ ಲಕ್ಷಣಗಳು

ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾದರೆ ಅದು ರೆಟಿನಾದ ಮುಖ್ಯ ಅಪಧಮನಿ ಕಟ್ಟಿಕೊಂಡದ್ದಿರಬಹುದು. ಅದನ್ನು ಕಣ್ಣಿನ ಲಕ್ವ ಎಂದೇ ತಿಳಿಯಿರಿ. ಮೆದುಳಿನ ಲಕ್ವಕ್ಕೆ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ಕ್ಷಣವೇ ಹೋಗಬೇಕು. ಕಣ್ಣೊಳಗೆ ಮಿಂಚು ಹೊಡೆದಂತೆ ಆಗುವುದು, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಾಡುವುದು, ಒಂದು ಬದಿಯಿಂದ ಪರದೆ ಎಳೆದಂತೆ ನೆರಳು ಬರುವುದು ರೆಟಿನಾ ಹರಿದಿದೆ ಅಥವಾ ಕಳಚುತ್ತಿದೆ ಎಂಬುದರ ಸೂಚನೆಯಾಗಿರಬಹುದು. ಇಂಥದ್ದಕ್ಕೆ ಮುಂದಿನ ವಾರದ ಉಚಿತ ಶಿಬಿರ ಕಾಯಬೇಡಿ.

ಲಕ್ಷಣವಿಲ್ಲದಿದ್ದರೂ ಯಾರು ತೋರಿಸಬೇಕು

ಟೈಪ್ 2 ಸಕ್ಕರೆ ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಆಗಬೇಕು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಅದು ಮೈಯಲ್ಲಿ ಕೆಲವು ವರ್ಷದಿಂದ ಇದ್ದಿರುತ್ತದೆ, ಅದಕ್ಕೇ ಈ ಅವಸರ. ಬಿಪಿ ಹತೋಟಿಯಲ್ಲಿಲ್ಲದವರಿಗೆ ರೆಟಿನಾದ ಅಭಿಧಮನಿ ಕಟ್ಟಿಕೊಳ್ಳುವ ಅಪಾಯ ಹೆಚ್ಚು. ಬೀಡಿ, ಸಿಗರೇಟು ಸೇದುವವರು ಮತ್ತು ಮನೆತನದಲ್ಲಿ ಮ್ಯಾಕ್ಯುಲಾ ಸವೆತ ಇರುವವರು 60 ದಾಟಿದ ಮೇಲೆ ತಡ ಮಾಡಬಾರದು. ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವ ಹಿರಿಯರೂ ನಮ್ಮಲ್ಲಿದ್ದಾರೆ. ಈ ಮಾತ್ರೆ ರೆಟಿನಾಗೆ ನಿಧಾನವಾಗಿ ಹಾನಿ ಮಾಡಬಲ್ಲದು. ಶುರು ಮಾಡಿದ ಮೊದಲ ವರ್ಷದೊಳಗೆ ಒಮ್ಮೆ ನೋಡಿಸಿ. ಐದು ವರ್ಷವಾದ ಮೇಲೆ ಪ್ರತಿ ವರ್ಷ ಸ್ಕ್ಯಾನ್ ಬೇಕು. ಕಿಡ್ನಿ ತೊಂದರೆ ಇರುವವರಿಗೆ ಇನ್ನೂ ಬೇಗ.

ಇನ್ನೊಂದು ಗುಂಪಿನವರು ಪೊರೆ ಆಪರೇಷನ್‌ಗೆ ಹೊರಟವರು. ಇವರ ಬಗ್ಗೆ ಒತ್ತಿ ಹೇಳಬೇಕು. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ಆದರೂ ‘ಕಣ್ಣು ಬರಲಿಲ್ಲ’ ಎಂದು ಕೊರಗುವ ಹಿರಿಯರು ಊರೂರಲ್ಲೂ ಸಿಗುತ್ತಾರೆ. ಕೆಲವರಿಗೆ ಪೊರೆಯ ಹಿಂದೆ ಮ್ಯಾಕ್ಯುಲಾ ತೊಂದರೆ ಮೊದಲಿನಿಂದಲೂ ಇರುತ್ತದೆ. ಸಾಧ್ಯವಿದ್ದರೆ ಆಪರೇಷನ್‌ಗೆ ಮುಂಚೆಯೇ ಮ್ಯಾಕ್ಯುಲಾ ಸ್ಕ್ಯಾನ್ ಮಾಡಿಸಿ. ಎಷ್ಟು ನೋಟ ಬರಬಹುದು ಎಂಬುದು ಆಗಲೇ ತಿಳಿದಿರುತ್ತದೆ. ಇನ್ನು ಆಪರೇಷನ್ ಆಗಿ ಒಂದೆರಡು ವಾರ ಚೆನ್ನಾಗಿ ಕಂಡು, ನಾಲ್ಕರಿಂದ ಹನ್ನೆರಡು ವಾರದ ನಡುವೆ ಮತ್ತೆ ಮಂಜಾದರೆ ಮ್ಯಾಕ್ಯುಲಾದಲ್ಲಿ ನೀರು ತುಂಬಿರಬಹುದು. ಸ್ಕ್ಯಾನ್‌ನಲ್ಲಿ ಅದು ಕೂಡಲೇ ಕಾಣುತ್ತದೆ, ಹೆಚ್ಚಿನವರಿಗೆ ಔಷಧದಿಂದ ಇಳಿಯುತ್ತದೆ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು

ದಾವಣಗೆರೆಯಲ್ಲಿ ಸಿ.ಜಿ. ಆಸ್ಪತ್ರೆ ಎಂದೇ ಎಲ್ಲರೂ ಕರೆಯುವ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ಸೇರಿದ ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಖಾಸಗಿ ಕಣ್ಣಿನ ಆಸ್ಪತ್ರೆಗಳೂ ಸಾಕಷ್ಟಿವೆ. ಹೊರಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ. ಓಸಿಟಿ ಯಂತ್ರ ಇವತ್ತು ನಡೆಯುತ್ತಿದೆಯೇ, ರೆಟಿನಾ ತಜ್ಞರು ಯಾವ ದಿನ ಬರುತ್ತಾರೆ, ಖರ್ಚೆಷ್ಟು. ಜಗಳೂರಿನಿಂದಲೋ ಹೊಸದುರ್ಗದಿಂದಲೋ ಎರಡು ಬಸ್ಸು ಬದಲಿಸಿ ಬಂದ ವಯಸ್ಸಾದವರನ್ನು ‘ತಜ್ಞರು ಗುರುವಾರ ಬರ್ತಾರೆ’ ಎಂದು ವಾಪಸ್ ಕಳಿಸುವಾಗ ಹೊಟ್ಟೆ ಉರಿಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರಿನ ಸರ್ಕಾರಿ ಮಿಂಟೋ ಆಸ್ಪತ್ರೆಯಂಥ ಕಡೆಗೆ ಚೀಟಿ ಬರೆದುಕೊಡುತ್ತಾರೆ.

ಚೀಲದಲ್ಲಿ ಇರಬೇಕಾದವು: ಹಳೆಯ ಎಲ್ಲ ಕಣ್ಣಿನ ಚೀಟಿಗಳು ಮತ್ತು ಸ್ಕ್ಯಾನ್‌ಗಳು, ದೂರದ್ದು ಹತ್ತಿರದ್ದು ಎರಡೂ ಕನ್ನಡಕ, ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮತ್ತು ಬಿಪಿ ವಿವರ, ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಹಾಕಿ. ‘ಒಂದು ಬಿಳೀದು, ಒಂದು ಗುಲಾಬಿ’ ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ಸ್ಟ್ರಿಪ್ ಸಮೇತ ತನ್ನಿ. ಸಕ್ಕರೆಗೆ ಕೊಡುವ ಪಯೋಗ್ಲಿಟಜೋನ್ ಕೆಲವರಲ್ಲಿ ಮ್ಯಾಕ್ಯುಲಾದ ಊತವನ್ನು ಹೆಚ್ಚಿಸುತ್ತದೆ. ಅದು ನೆನಪಾಗುವುದು ಸ್ಟ್ರಿಪ್ ಕಣ್ಣಿಗೆ ಬಿದ್ದಾಗಲೇ. ಅವತ್ತು ಬೆಳಿಗ್ಗೆ ಕಣ್ಣಿಗೆ ಕಾಡಿಗೆ, ಮುಲಾಮು ಬೇಡ. ಉಪವಾಸ ಇರಬೇಕಿಲ್ಲ. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟು ಬಂದು ಸಾಲಿನಲ್ಲಿ ತಲೆಸುತ್ತಿ ಕೂರುವವರಿದ್ದಾರೆ, ದಯವಿಟ್ಟು ತಿಂಡಿ ತಿನ್ನಿಸಿಯೇ ಕರೆತನ್ನಿ.

ಪಾಪೆ ಹಿಗ್ಗಿಸುವ ಹನಿ ಹಾಕಿದರೆ 20-30 ನಿಮಿಷ ಕಾಯಬೇಕು. ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಅವರೇ ಬೈಕ್ ಓಡಿಸಿಕೊಂಡು ಹೋಗಬಾರದು. ಟೋಪಿಯೋ ಕಪ್ಪು ಕನ್ನಡಕವೋ ಜೊತೆಗಿರಲಿ. ಮುಂಚೆ ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಇದೆ ಎಂದೋ, ಕಣ್ಣಿನ ಕೋನ ಕಿರಿದಾಗಿದೆ ಎಂದೋ ಯಾರಾದರೂ ಹೇಳಿದ್ದರೆ ಹನಿ ಹಾಕುವ ಮುನ್ನವೇ ತಿಳಿಸಿ.

ಯಾವ ಯಂತ್ರ ಏನು ತೋರಿಸುತ್ತದೆ

ಫಂಡಸ್ ಕ್ಯಾಮೆರಾ ರೆಟಿನಾದ ಮೇಲ್ಮೈಯ ಬಣ್ಣದ ಫೋಟೊ ತೆಗೆಯುತ್ತದೆ. ಒಂದು ಚಿತ್ರದಲ್ಲಿ ಸಾಮಾನ್ಯವಾಗಿ 45 ಡಿಗ್ರಿಯಷ್ಟು ಭಾಗ ಸಿಗುತ್ತದೆ. ರಕ್ತದ ಚುಕ್ಕೆ, ಹಳದಿ ಕೊಬ್ಬಿನ ಕಲೆ, ಕಣ್ಣಿನ ನರದ ತಲೆ ಇದರಲ್ಲಿ ಕಾಣುತ್ತವೆ. ಹಳ್ಳಿಯ ಶಿಬಿರಗಳಿಗೆ ಬರುವುದು ಇದೇ, ಈಗ ಮೊಬೈಲಿಗೆ ಜೋಡಿಸುವಂಥವೂ ಇವೆ. ಶಿಬಿರದ ಚೀಟಿಯಲ್ಲಿ ‘ಚಿತ್ರ ಸ್ಪಷ್ಟವಿಲ್ಲ’ ಎಂದು ಬರೆದಿದ್ದರೆ ತೊಂದರೆ ಇಲ್ಲ ಎಂದು ತಿಳಿಯಬೇಡಿ. ಚಿತ್ರ ಸಿಗಲಿಲ್ಲ ಎಂದರೆ ಕಣ್ಣು ನೋಡಿಲ್ಲ ಎಂದೇ ಅರ್ಥ, ಅವರು ಆಸ್ಪತ್ರೆಗೆ ಹೋಗಲೇಬೇಕು.

ಓಸಿಟಿ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಅವಕೆಂಪು ಬೆಳಕನ್ನು ಒಳಗೆ ಕಳಿಸಿ, ಪ್ರತಿ ಪದರದಿಂದ ಮರಳಿದ ಬೆಳಕನ್ನು ಯಂತ್ರದೊಳಗಿನ ಇನ್ನೊಂದು ಕಿರಣದ ಜೊತೆ ಹೋಲಿಸಿ ಆಳ ಲೆಕ್ಕ ಹಾಕುತ್ತದೆ. ಚಿರೋಟಿಯನ್ನು ಅಡ್ಡ ಕತ್ತರಿಸಿ ಬದಿಯಿಂದ ನೋಡಿದಂತೆ ರೆಟಿನಾದ ಪದರಗಳು ಪರದೆಯ ಮೇಲೆ ಮೂಡುತ್ತವೆ, ಸುಮಾರು 5 ಮೈಕ್ರಾನ್‌ನಷ್ಟು (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಸಣ್ಣ ವ್ಯತ್ಯಾಸವೂ ತಿಳಿಯುತ್ತದೆ. ಅಮೆರಿಕದ ಎಂಐಟಿಯ ತಂಡವೊಂದು 1991ರಲ್ಲಿ ಈ ವಿಧಾನವನ್ನು ಪ್ರಕಟಿಸಿತು. ರೆಟಿನಾವನ್ನು ನೇರವಾಗಿ ನೋಡುವ ಉಪಕರಣವನ್ನು ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕೊಟ್ಟ ಮೇಲೆ ಕಣ್ಣಿನ ವೈದ್ಯಕೀಯದಲ್ಲಿ ಇಷ್ಟು ದೊಡ್ಡ ಜಿಗಿತ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಪೇಸ್‌ಮೇಕರ್ ಇದ್ದವರಿಗೂ, ಕಿಡ್ನಿ ತೊಂದರೆ ಇದ್ದವರಿಗೂ, ಮೈಯಲ್ಲಿ ರಾಡ್ ಹಾಕಿಸಿಕೊಂಡವರಿಗೂ ಓಸಿಟಿ ಸುರಕ್ಷಿತ. ಎಕ್ಸ್‌ರೇಯಂಥ ವಿಕಿರಣ ಇಲ್ಲವೇ ಇಲ್ಲ.

ಓಸಿಟಿ ಆಂಜಿಯೋಗ್ರಫಿ ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಓಡಾಡುವ ರಕ್ತಕಣಗಳಿಂದ ನಾಳಗಳ ನಕ್ಷೆ ಬಿಡಿಸುತ್ತದೆ. ಬಣ್ಣದ ಇಂಜೆಕ್ಷನ್ ಬೇಕಿಲ್ಲ. ನಾಳ ಎಲ್ಲಿ ಮುಚ್ಚಿದೆ, ಎಲ್ಲಿ ಹೊಸದಾಗಿ ಹುಟ್ಟಿದೆ ಎಂಬುದು ತಿಳಿಯುತ್ತದೆ. ಎಲ್ಲಿ ಸೋರುತ್ತಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೇ ಕೆಲವರಿಗೆ ಈಗಲೂ ಕೈಯ ನರಕ್ಕೆ ಫ್ಲೋರೆಸಿನ್ ಬಣ್ಣ ಕೊಟ್ಟು ಫೋಟೊ ತೆಗೆಯುತ್ತಾರೆ. ಚರ್ಮ ಕೆಲವು ಗಂಟೆ, ಮೂತ್ರ ಒಂದು ದಿನದ ಮಟ್ಟಿಗೆ ಹಳದಿಯಾಗುತ್ತದೆ, ಗಾಬರಿ ಬೇಡ. ಕೆಲವರಿಗೆ ವಾಕರಿಕೆ ಬರಬಹುದು, ತೀವ್ರ ಅಲರ್ಜಿ ಅಪರೂಪ. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ ಹೇಳಿಬಿಡಿ.

ಆಟೋಫ್ಲೋರೆಸೆನ್ಸ್ ಎಂಬ ಇನ್ನೊಂದು ಫೋಟೊ ಒಣ (ನೀರು ಸೋರದ) ಮ್ಯಾಕ್ಯುಲಾ ಸವೆತದಲ್ಲಿ ಸತ್ತ ಜಾಗವನ್ನು ಕಪ್ಪಾಗಿ ತೋರಿಸುತ್ತದೆ. ಪೊರೆ ತೀರಾ ದಟ್ಟವಾಗಿ ಬೆಳಕೇ ಒಳಹೋಗದಿದ್ದರೆ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಬಿ-ಸ್ಕ್ಯಾನ್ ಅಲ್ಟ್ರಾಸೌಂಡ್ ಮಾಡುತ್ತಾರೆ.

ಯಂತ್ರದ ಮುಂದೆ ಕೂರಿಸುವಾಗ

ಸ್ಕ್ಯಾನ್ ಒಳ್ಳೆಯದಾಗುವುದು, ಕೆಡುವುದು ಬಹುಪಾಲು ಇಲ್ಲೇ. ಯಂತ್ರ ಒಂದು ಕಣ್ಣಿಗೆ ತೆಗೆದುಕೊಳ್ಳುವುದು ಕೆಲವೇ ಸೆಕೆಂಡು. ಆದರೆ ಆ ಸೆಕೆಂಡುಗಳಲ್ಲಿ ಗಲ್ಲ ಕೆಳಗಿನ ಆಸರೆಯ ಮೇಲೆ ಕೂತು, ಹಣೆ ಪಟ್ಟಿಗೆ ತಾಗಿ, ಕಣ್ಣು ಒಂದೇ ಚುಕ್ಕೆಯ ಮೇಲೆ ನಿಂತಿರಬೇಕು. ಬೆನ್ನು ಬಾಗಿದವರಿಗೆ, ಕೈತಲೆ ನಡುಗುವವರಿಗೆ ಇದು ಸುಲಭವಲ್ಲ. ಮೇಜನ್ನು ಅವರ ಎತ್ತರಕ್ಕೆ ತಗ್ಗಿಸಿ ಎಂದು ಸಿಬ್ಬಂದಿಗೆ ಹೇಳಲು ಸಂಕೋಚ ಬೇಡ. ಹಿಂದೆ ನಿಂತು ತಲೆಯನ್ನು ಮೆತ್ತಗೆ ಮುಂದಕ್ಕೆ ಒತ್ತಿ ಹಿಡಿದುಕೊಳ್ಳಿ. ರೆಪ್ಪೆ ಜೋತುಬಿದ್ದಿದ್ದರೆ ನಾವು ಬೆರಳಿನಿಂದ ಎತ್ತಿ ಹಿಡಿಯುತ್ತೇವೆ, ಹಾಗೆ ಎಂದು ಮೊದಲೇ ಹೇಳಿಡಿ, ಬೆಚ್ಚುವುದಿಲ್ಲ.

ಕಿವಿ ಮಂದವಿರುವ ಹಿರಿಯರಿಗೆ ಕತ್ತಲ ಕೋಣೆಯಲ್ಲಿ ನಮ್ಮ ಮಾತು ಕೇಳುವುದಿಲ್ಲ, ಬಾಯಿಯ ಚಲನೆಯೂ ಕಾಣುವುದಿಲ್ಲ. ಹೊರಗೇ ಒಂದು ಗುರುತು ಮಾಡಿಕೊಳ್ಳಿ. ಭುಜ ಒಮ್ಮೆ ತಟ್ಟಿದರೆ ರೆಪ್ಪೆ ಬಡಿಯುವುದು, ಎರಡು ಸಲ ತಟ್ಟಿದರೆ ಬಡಿಯದೆ ನೋಡುವುದು. ಮನೆಯವರ ಕೈ ಭುಜದ ಮೇಲಿದ್ದರೆ ಅವರೂ ಸಮಾಧಾನವಾಗಿ ಕೂರುತ್ತಾರೆ, ಚಿತ್ರ ಎರಡನೇ ಸಲ ತೆಗೆಯಬೇಕಾಗಿ ಬರುವುದು ಕಡಿಮೆ.

ವಯಸ್ಸಾದವರ ಕಣ್ಣು ಒಣಗಿರುತ್ತದೆ, ಒಣ ಕಣ್ಣಿನ ಚಿತ್ರ ಮಸುಕು. ಸ್ಕ್ಯಾನ್‌ಗೆ ತುಸು ಮುಂಚೆ ಕಣ್ಣೀರಿನಂಥ ಹನಿ ಹಾಕಿ ಎಂದು ಕೇಳಬಹುದು. ಕಣ್ಣಿಗೆ ತಾಗಿಸಿ ಮಾಡುವ ಪರೀಕ್ಷೆಗಳು, ಜೆಲ್ ಹಚ್ಚುವ ಸ್ಕ್ಯಾನ್ ಎಲ್ಲ ಓಸಿಟಿ ಆದಮೇಲೆ ನಡೆದರೆ ಒಳ್ಳೆಯದು. ನಡುನೋಟವೇ ಹೋಗಿರುವವರಿಗೆ ಒಳಗಿನ ಚುಕ್ಕೆ ಕಾಣುವುದಿಲ್ಲ. ‘ಕಾಣ್ತೈತಿ’ ಎಂದು ಸುಮ್ಮನೆ ಹೇಳಬಾರದು, ಕಾಣದಿದ್ದರೆ ಕಾಣುತ್ತಿಲ್ಲ ಎನ್ನಲಿ. ಇನ್ನೊಂದು ಕಣ್ಣಿಗೆ ಹೊರಗಿನಿಂದ ದೀಪ ತೋರಿಸಿ ನೋಟವನ್ನು ನಿಲ್ಲಿಸುವ ದಾರಿ ಇದೆ.

ವರದಿಯನ್ನು ಹೀಗೆ ಓದಿ

ರೋಗ ಯಾವುದೆಂದು ಹೇಳಬೇಕಾದವರು ಡಾಕ್ಟರೇ. ಆದರೂ ಹಾಳೆಯಲ್ಲಿ ಏನಿದೆ ಎಂದು ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

ಹೆಸರು, ವಯಸ್ಸು, ತಾರೀಖು ಸರಿಯಿದೆಯೇ ನೋಡಿ. ಓಡಿ ಎಂದರೆ ಬಲಗಣ್ಣು, ಓಎಸ್ ಎಂದರೆ ಎಡಗಣ್ಣು. ನಂತರ ಸಿಗ್ನಲ್ ಅಂಕ. 10ಕ್ಕೆ ಅಂಕ ಕೊಡುವ ಯಂತ್ರಗಳಲ್ಲಿ 6ಕ್ಕಿಂತ ಕಡಿಮೆ ಇದ್ದರೆ ಆ ಚಿತ್ರವನ್ನು ನಂಬಿ ತೀರ್ಮಾನಕ್ಕೆ ಬರುವುದು ಕಷ್ಟ. ಪೊರೆ, ಒಣಕಣ್ಣು, ಅಲುಗಾಟ ಎಲ್ಲವೂ ಇದನ್ನು ಇಳಿಸುತ್ತವೆ.

ಬಣ್ಣದ ನಕ್ಷೆಯಲ್ಲಿ ತಂಪು ಬಣ್ಣ ತೆಳುವಾದ ಜಾಗ, ಕೆಂಪು-ಬಿಳಿ ದಪ್ಪವಾದ ಜಾಗ. ಅದರ ಪಕ್ಕದ ವೃತ್ತದ ನಟ್ಟನಡುವಿನ ಅಂಕಿ ಮ್ಯಾಕ್ಯುಲಾದ ಮಧ್ಯದ 1 ಮಿಲಿಮೀಟರಿನ ಸರಾಸರಿ ದಪ್ಪ. ಆರೋಗ್ಯವಂತರಲ್ಲಿ ಬಹಳ ಯಂತ್ರಗಳಲ್ಲಿ ಇದು 250-280 ಮೈಕ್ರಾನ್ ಆಸುಪಾಸು. ಊತ ಬಂದಾಗ 400, 500 ದಾಟುವುದೂ ಉಂಟು. ಬೇರೆ ಬೇರೆ ಕಂಪನಿಯ ಯಂತ್ರಗಳು ದಪ್ಪವನ್ನು ಬೇರೆ ಬೇರೆ ಗೆರೆಯಿಂದ ಅಳೆಯುತ್ತವೆ. ದಾವಣಗೆರೆಯಲ್ಲಿ 310, ಹುಬ್ಬಳ್ಳಿಯಲ್ಲಿ 325 ಬಂದರೆ ಜಾಸ್ತಿಯಾಯಿತೆಂದು ಅಳಬೇಡಿ. ಆದಷ್ಟೂ ಒಂದೇ ಯಂತ್ರದಲ್ಲಿ ಮಾಡಿಸಿದರೆ ಹೋಲಿಕೆಗೆ ಬೆಲೆ.

ಕೆಲವು ವರದಿಗಳಲ್ಲಿ ಹಸಿರು, ಹಳದಿ, ಕೆಂಪು ಗುರುತು ಬೇರೆಯೇ ಇರುತ್ತದೆ. ಅಲ್ಲಿ ಕೆಂಪು ಎಂದರೆ ಯಂತ್ರದಲ್ಲಿ ತುಂಬಿಟ್ಟಿರುವ ಆರೋಗ್ಯವಂತರ ಪಟ್ಟಿಯಲ್ಲಿ 100ಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುವಷ್ಟು ತೆಳು. ದಪ್ಪ ಮೈನಸ್ ಕನ್ನಡಕದವರಲ್ಲಿ ರೋಗವಿಲ್ಲದೆಯೂ ಕೆಂಪು ಬರುತ್ತದೆ. ಹಾಗಾಗಿ ಬಣ್ಣಕ್ಕಿಂತ ಕೆಳಗಿನ ಕಪ್ಪುಬಿಳುಪು ಅಡ್ಡಸೀಳು ಚಿತ್ರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಡುವೆ ಮೆದುವಾದ ತಗ್ಗು ಇರಬೇಕು. ರೆಟಿನಾದ ಒಳಗೆ ಕಪ್ಪು ಗುಳ್ಳೆಗಳಿದ್ದರೆ ನೀರು, ಸಕ್ಕರೆ ಕಾಯಿಲೆಯಲ್ಲಿ ಮತ್ತು ಅಭಿಧಮನಿ ಕಟ್ಟಿದಾಗ ಇದು ಸಾಮಾನ್ಯ. ರೆಟಿನಾದ ಅಡಿಯಲ್ಲಿ ಕಪ್ಪು ಪಟ್ಟಿ ಕಂಡು, ತಳದ ಗೆರೆ ಉಬ್ಬಿದ್ದರೆ ಹಸಿ (ಹೊಸ ನಾಳ ಹುಟ್ಟಿ ಸೋರುವ) ಮ್ಯಾಕ್ಯುಲಾ ಸವೆತದ ಅನುಮಾನ. ತಳದ ಗೆರೆಯಲ್ಲಿ ಸಣ್ಣ ಸಣ್ಣ ದಿಬ್ಬಗಳಷ್ಟೇ ಇದ್ದರೆ ಡ್ರೂಸನ್, ಒಣ ಸವೆತದ ಗುರುತು. ಮೇಲ್ಮೈಯಲ್ಲಿ ಬಿಳಿ ಗೆರೆ ಹರಡಿ ಸುಕ್ಕು ಬಿದ್ದಿದ್ದರೆ ತೆಳುಪೊರೆಯೊಂದು ಬೆಳೆದಿದೆ. ನಡುವೆ ಆರಪಾರ ತೂತಿದ್ದರೆ ಮ್ಯಾಕ್ಯುಲರ್ ಹೋಲ್, ಅದಕ್ಕೆ ಶಸ್ತ್ರಚಿಕಿತ್ಸೆ.

ಮ್ಯಾಕ್ಯುಲಾ ಸ್ಕ್ಯಾನ್ ಬೇರೆ, ಗ್ಲಾಕೋಮಾಕ್ಕಾಗಿ ನರದ ಸ್ಕ್ಯಾನ್ ಬೇರೆ. ಒಂದನ್ನು ಮಾಡಿಸಿದರೆ ಇನ್ನೊಂದು ಆದಂತಲ್ಲ.

ಸ್ಕ್ಯಾನ್‌ಗೆ ಕಾಣದ್ದು

ಓಸಿಟಿ ನೋಡುವುದು ನಡುವಿನ ಸಣ್ಣ ಭಾಗವನ್ನು. ಅಂಚಿನಲ್ಲಿ ರೆಟಿನಾ ಹರಿದಿದ್ದರೂ, ಸಕ್ಕರೆ ಕಾಯಿಲೆಯಿಂದ ಅಂಚಿನಲ್ಲಿ ಹೊಸ ನಾಳ ಹುಟ್ಟಿದ್ದರೂ ಮ್ಯಾಕ್ಯುಲಾದ ಚಿತ್ರ ಚೊಕ್ಕವಾಗಿ ಬರಬಹುದು. ಹಾಗಾಗಿ ‘ಸ್ಕ್ಯಾನ್ ನಾರ್ಮಲ್’ ಎಂದು ಕೇಳಿ ಮನೆಗೆ ಹೊರಡಬೇಡಿ. ಹನಿ ಹಾಕಿ ಡಾಕ್ಟರು ಸ್ವತಃ ಅಂಚಿನವರೆಗೂ ನೋಡಿದ್ದಾರೆಯೇ ಎಂದು ಕೇಳಿ. ಸುಮಾರು 200 ಡಿಗ್ರಿವರೆಗೆ ಹಿಡಿಯುವ ಕ್ಯಾಮೆರಾಗಳೂ ಬಂದಿವೆ, ಆದರೆ ನಮ್ಮ ಕಡೆ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ.

ಡಾಕ್ಟರ ಎದುರು, ಆಮೇಲೆ

ಕೇಳಬೇಕಾದವು ಇಷ್ಟು: ರೋಗದ ಹೆಸರೇನು, ಯಾವ ಕಣ್ಣು, ನೀರಿದೆಯೇ, ಹಿಂದಿನ ಸ್ಕ್ಯಾನ್‌ಗಿಂತ ಹೆಚ್ಚಿದೆಯೋ ಇಳಿದಿದೆಯೋ, ಮುಂದಿನ ಸ್ಕ್ಯಾನ್ ಯಾವಾಗ. ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಮುದ್ರಿತ ಹಾಳೆಯ ಜೊತೆ ಮೂಲ ಚಿತ್ರಗಳನ್ನೂ ಕೇಳಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಶಾಯಿ ಮಾಸುತ್ತದೆ.

ಹಸಿ ಮ್ಯಾಕ್ಯುಲಾ ಸವೆತಕ್ಕೂ, ಸಕ್ಕರೆಯ ಊತಕ್ಕೂ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ. ಬೆವಾಸಿಜುಮಾಬ್, ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ಇವುಗಳ ಹೆಸರು, ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ, ಮೊದಲೇ ಕೇಳಿ. ಆರಂಭದಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು, ಆಮೇಲೆ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತಾರೆ. ಭದ್ರಾ ನಾಲೆಗೆ ನೀರು ಬಿಟ್ಟರು, ಮೆಕ್ಕೆಜೋಳ ಬಿತ್ತನೆ ಶುರುವಾಯಿತು, ನಾಯಕನಹಟ್ಟಿ ಜಾತ್ರೆ ಬಂತು ಅಂತ ಎರಡನೇ ಇಂಜೆಕ್ಷನ್ ಮುಂದೂಡಿದವರು ಮತ್ತೆ ಬರುವ ಹೊತ್ತಿಗೆ, ಮೊದಲ ಸ್ಕ್ಯಾನ್‌ನಲ್ಲಿ ನೀರಿದ್ದ ಜಾಗದಲ್ಲಿ ಗಾಯದ ಕಲೆ ಕೂತಿರುತ್ತದೆ. ಬಿತ್ತನೆಗೆ ಇನ್ನೊಬ್ಬರು ಹೋಗಬಹುದು. ಆ ತಾರೀಖನ್ನು ಬಿಡಬೇಡಿ.

ಒಣ ಸವೆತಕ್ಕೆ ಲ್ಯೂಟಿನ್ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ಕೊಡುವವರಿದ್ದಾರೆ. ಅದು ಮಧ್ಯಮ ಹಂತದಲ್ಲಿರುವವರಿಗೆ, ಇಲ್ಲವೇ ಒಂದು ಕಣ್ಣು ಆಗಲೇ ಕೆಟ್ಟವರಿಗೆ ಉಪಯೋಗ, ಎಲ್ಲರಿಗೂ ಅಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೋಟಿನ್ ಇರುವ ಮಾತ್ರೆ ಬೇಡವೇ ಬೇಡ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ.

ಕೆಲವರ ಸ್ಕ್ಯಾನ್ ನೋಡಿ ಡಾಕ್ಟರು ‘ಇನ್ನು ಇಂಜೆಕ್ಷನ್‌ನಿಂದ ಉಪಯೋಗವಿಲ್ಲ’ ಎನ್ನುತ್ತಾರೆ. ಆಗಲೂ ಎದ್ದು ಬರಬೇಡಿ. ಕಡಿಮೆ ದೃಷ್ಟಿಯವರಿಗಾಗಿ ಇರುವ ಭೂತಗನ್ನಡಿ, ದೀಪ ಸಹಿತ ಓದುವ ಮಸೂರಗಳ ಬಗ್ಗೆ ಕೇಳಿ. ಮ್ಯಾಕ್ಯುಲಾ ಹೋದರೂ ಅಂಚಿನ ನೋಟ ಸಾಮಾನ್ಯವಾಗಿ ಉಳಿಯುತ್ತದೆ, ಓರೆಯಾಗಿ ನೋಡಿ ನಡೆದಾಡುವುದನ್ನು ಕಲಿಯಬಹುದು. ಎರಡೂ ಕಣ್ಣಿನ ನೋಟ ಬಹಳ ಇಳಿದಿದ್ದರೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೋಗುವಾಗ ಈ ಸ್ಕ್ಯಾನ್ ವರದಿಗಳನ್ನೂ ಜೊತೆಗೆ ಒಯ್ಯಿರಿ.